ರಾಜಮಾಚಿ ಹತ್ತಿ, ಕೋಂಡಾಣೆಗೆ ಇಳಿದು

ಪುಣೆ-ಮುಂಬೈ ನಡುವಿನ ಘಟ್ಟದಲ್ಲಿರುವ ರಾಜಮಾಚಿ ಕೋಟೆಗೆ ಹೋಗುವವರಲ್ಲಿ ಜಾಸ್ತಿ ಜನ ಲೋಣಾವಳಾದಿಂದ ನಡೆದು, ಕೋಟೆ ನೋಡಿ, ಬಂದ ದಾರಿಯಲ್ಲೇ ವಾಪಸ್ ಆಗುತ್ತಾರೆ. ನನ್ನ ಪ್ರಕಾರ ಅದು ಅರ್ಧ ಊಟಕ್ಕೇ ಎದ್ದ ಹಾಗೆ. ಆಚೆ ಕೊಂಕಣದ ಕಡೆ ಕೋಂಡಾಣೆ ಗುಹೆಗಳತ್ತ ಇಳಿದರೇನೇ ಉಲ್ಹಾಸ್ ನದಿಯ ಕಣಿವೆ ಪೂರ್ತಿ ಸಿಗುವುದು.

ಸೆಪ್ಟೆಂಬರಿನ ಒಂದು ಶನಿವಾರ ಪುಣೆಯಿಂದ ನಾವೊಂದಿಷ್ಟು ಕನ್ನಡದವರು ಲೋಕಲ್ ಹಿಡಿದು ಹೊರಟೆವು, ಡೊಂಬಿವಲಿ, ಠಾಣೆಯ ಗೆಳೆಯರು ಲೋಣಾವಳಾದಲ್ಲಿ ಸೇರಿಕೊಂಡರು. ಅಲ್ಲಿಂದ ಕೋಟೆಯ ಬುಡದ ಉಧೇವಾಡಿ ಹಳ್ಳಿಗೆ ಸುಮಾರು 15 ಕಿ.ಮೀ. ಮಣ್ಣುದಾರಿ. ಕಷ್ಟವೇನಿಲ್ಲ, ಕೆಸರು ಅಷ್ಟೇ. ರಾತ್ರಿ ಹಳ್ಳಿಯ ಒಂದು ಮನೆಯಲ್ಲಿ ಅಕ್ಕಿ ಭಾಕರಿ (ರೊಟ್ಟಿ), ಪಿಠಲೆ (ಕಡಲೆಹಿಟ್ಟಿನದ್ದು, ನಮ್ಮ ಝುಣಕದ ಹಾಗೆ), ಠೇಚಾ (ಮೆಣಸಿನಕಾಯಿ ಚಟ್ನಿ). ಧಾರವಾಡದ ಅಕ್ಕ ಮೂರು ಭಾಕರಿ ಮುಗಿಸಿದ ಮೇಲೆ, "ಝುಣಕ ಇನ್ನೊಂಚೂರು ಗಟ್ಟಿ ಇರಬೇಕಿತ್ರಿ" ಅಂದರು.

ಬೆಳಿಗ್ಗೆ ಕೋಟೆ. ಶ್ರೀವರ್ಧನ್, ಮನರಂಜನ್ ಅಂತ ಎರಡು ಶಿಖರ, ನಡುವಿನ ತಗ್ಗಿನಲ್ಲಿ ಭೈರವನಾಥನ ಗುಡಿ. ಎತ್ತರದ್ದು ಶ್ರೀವರ್ಧನ್, 900 ಮೀಟರ್ ದಾಟುತ್ತದೆ. ಮೋಡ ಸರಿದಾಗ ಒಂದು ಕಡೆ ಉಲ್ಹಾಸ್ ಕಣಿವೆ, ಇನ್ನೊಂದು ಕಡೆ ಶಿರೋಟಾ ಕೆರೆ ಕಂಡಿತು. ಇಲ್ಲೇ ನೋಡಿ ಮಜಾ. ಘಟ್ಟದ ಪೂರ್ವಕ್ಕೆ ಬಿದ್ದ ಮಳೆ ಇಂದ್ರಾಯಣಿ ಸೇರಿ, ಭೀಮೆಯಾಗಿ, ಪಂಢರಪುರ ದಾಟಿ ನಮ್ಮ ಗಾಣಗಾಪುರದ ತನಕ ಬರಬೇಕು. ಪಶ್ಚಿಮಕ್ಕೆ ಬಿದ್ದದ್ದು ಉಲ್ಹಾಸ್ ಹಿಡಿದು ಕರ್ಜತ್, ಬದಲಾಪುರ, ಕಲ್ಯಾಣದ ಮೇಲೆ ವಸಈ ಖಾರಿಗೆ, ಅಂದರೆ ಸಮುದ್ರದ ಅಳಿವೆಗೆ. ಆದರೆ ಶಿರೋಟಾದ ನೀರು ಪೂರ್ವಕ್ಕೆ ಹರಿಯಬೇಕಾದದ್ದನ್ನು ಟಾಟಾದವರು ಕಟ್ಟೆ ಕಟ್ಟಿ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಖೋಪೋಲಿಯಲ್ಲಿ ಕರೆಂಟ್ ತೆಗೆಯುತ್ತಿದ್ದಾರೆ. ಇದನ್ನು ಕೇಳಿದ್ದೇ ತಡ, ಕಲಬುರಗಿಯ ನಮ್ಮ ಕಾಕಾ ಠಾಣೆಯವರತ್ತ ತಿರುಗಿ, "ನಮ್ಮ ನೀರಿನ್ಯಾಗ ನಿಮ್ಮ ಮುಂಬೈ ಫ್ಯಾನ್ ತಿರುಗಿಸ್ಯಾರ ನೋಡ್ರಿ!" ಅಂದರು. ಆ ಜಗಳ ಸಂಜೆವರೆಗೂ ನಡೆಯಿತು.

ಕೋಂಡಾಣೆ ಕಡೆಯ ಇಳಿಜಾರು ಮಾತ್ರ ಸುಮ್ನೆ ಅಲ್ಲ. ಕಾಡಿನೊಳಗೆ ಪಾಚಿಗಟ್ಟಿದ ಕಲ್ಲು, ಅಲ್ಲಲ್ಲಿ ಹಳ್ಳ, ಕೆಲವು ಕಡೆ ಕೂತೇ ಜಾರಬೇಕು. ಹಗ್ಗ ಬೇಡ, ಒಳ್ಳೆ ಶೂ ಮತ್ತು ಕೋಲು ಬೇಕೇ ಬೇಕು. ಜೋರು ಮಳೆಯಲ್ಲಿ ಈ ಕಡೆ ಬರಲೇಬೇಡಿ.

ಕೋಂಡಾಣೆಯ ಬೌದ್ಧ ಗುಹೆಗಳು ಎರಡು ಸಾವಿರ ವರ್ಷದಷ್ಟು ಹಳೆಯವು. ಚೈತ್ಯದ (ಪ್ರಾರ್ಥನೆಯ ಗುಹೆಯ) ಮುಂದೆಯೇ ಮೇಲಿನಿಂದ ನೀರು ಬೀಳುತ್ತಿತ್ತು, ಎಲ್ಲರೂ ತಲೆ ಒಡ್ಡಿ ನಿಂತೆವು. ಒಳಗೆ ಕಂಬಗಳು ಬಹಳಷ್ಟು ಮುರಿದಿವೆ. ಮುಂಭಾಗದ ಕೆಲಸ ನೋಡಿ: ಕಮಾನು, ಜಾಲಂದ್ರ, ಎಲ್ಲಾ ಮರದ ಮನೆ ಕಟ್ಟಿದ ಹಾಗೆಯೇ ಕಲ್ಲಲ್ಲಿ ಕೊರೆದಿದ್ದಾರೆ, ಮೇಲೆ ಕುಣಿಯುವ ಜೋಡಿಗಳು. ಕಣ್ಹನ ಶಿಷ್ಯ ಬಲಕ ಮಾಡಿದ್ದು ಅಂತ ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಇದೆ. ಅದರ ಪಕ್ಕದ ಗೋಡೆಯಲ್ಲೇ ನಮ್ಮ ಕಾಲದ ಪ್ರೇಮಿಗಳು ತಮ್ಮ ಹೆಸರು ಕೆತ್ತಿದ್ದಾರೆ, ಇರಲಿ ಬಿಡಿ.

ಕೆಳಗಿನ ಹಳ್ಳಿಯಿಂದ ಆಟೋದಲ್ಲಿ ಕರ್ಜತ್. ಸ್ಟೇಷನ್ನಿನಲ್ಲಿ ವಡಾಪಾವ್ ತಿಂದು ಮುಂಬೈಯವರು ಲೋಕಲ್ ಹತ್ತಿದರು. ನಮ್ಮ ಪುಣೆ ರೈಲಿಗೆ ಭೋರ್ ಘಾಟ್ ಹತ್ತಿಸಲು ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್ ಜೋಡಿಸುತ್ತಿದ್ದರು. ಮೊಣಕಾಲು ಹಿಡಿದು ಕೂತಿದ್ದ ಕಾಕಾ ಅದನ್ನು ನೋಡಿ, "ಮುಂದಿನ ಸಲ ನನಗೂ ಒಂದು ಹಚ್ರಿ" ಅಂದರು.