85 ರೂಪಾಯಿ ಕರ್ಪೂರ

ನಗರತ್ ಪೇಟೆಯ ಹತ್ತಿರ ನಮ್ಮ ಸೋದರಮಾವನ ಗ್ರಂಧಿಗೆ ಅಂಗಡಿ ಇದೆ. ಹತ್ತಡಿ ಅಗಲ, ಒಳಗೆ ಹೋದಷ್ಟೂ ಕತ್ತಲೆ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಒಣಕೊಬ್ಬರಿ, ಹೋಮದ ಸಮಿತ್ತು ಎಲ್ಲದರ ವಾಸನೆಯೂ ಬಾಗಿಲಲ್ಲೇ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಕೊನೆಗೆ ಗೆಲ್ಲುವುದು ಕರ್ಪೂರ.

2025ರ ಏಪ್ರಿಲ್ 12, ಶನಿವಾರ. ಅವತ್ತು ರಾತ್ರಿ ಕರಗ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ಮಧ್ಯರಾತ್ರಿ ದಾಟಿದ ಮೇಲೆ. ಆದರೆ ಪೇಟೆಗೆ ಜನ ಬೆಳಗ್ಗೆಯಿಂದಲೇ ನುಗ್ಗಿರುತ್ತಾರೆ. ಅಂಗಡಿಯ ಹುಡುಗ ಅಂಥ ದಿನವೇ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದ. "ಶನಿವಾರ ನಿಂಗೆ ರಜ ಅಲ್ವಾ, ಬಂದು ಕೂತ್ಕೊಳ್ಳಮ್ಮ" ಎಂದರು ಮಾಮ. ಹೋದೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಅದಕ್ಕೆ ಮೂರು ವಾರ ಮೊದಲು ನಮ್ಮ ಆಫೀಸಿನಲ್ಲಿ ಆನ್‌ಲೈನ್ ಮೋಸಗಳ ಬಗ್ಗೆ ತರಬೇತಿ ಇತ್ತು. ಕೊನೆಯ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ನೂರು ಬಂದಿತ್ತು. ಮಾಮನಿಗೆ ಅದನ್ನು ಹೇಳಿಯೂ ಇದ್ದೆ.

ಕೌಂಟರ್ ಮೇಲೆ, ಅಗರಬತ್ತಿ ಡಬ್ಬಿಗಳ ನಡುವೆ ಆ ಬಾಕ್ಸ್ ಕೂತಿರುತ್ತದೆ. ಯಾರಾದರೂ ದುಡ್ಡು ಹಾಕಿದರೆ "40 ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗುತ್ತದಲ್ಲ, ಅದೇ. ಪಕ್ಕದ ಬೇಕರಿಯವರ ಬಾಕ್ಸ್‌ನಲ್ಲಿ ಕಿಚ್ಚ ಸುದೀಪ್ ಧ್ವನಿ. ನಮ್ಮದರಲ್ಲಿ ಯಾರೋ ಹೆಂಗಸು, ಸ್ವಲ್ಪ ಶೀತ ಆದವರ ಹಾಗೆ ಮಾತಾಡುತ್ತಾಳೆ. ಆ ಬಾಕ್ಸ್‌ಗೆ ಅದರದ್ದೇ ಸಿಮ್ ಇದೆ. ಗಿರಾಕಿಯ ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ. ದುಡ್ಡು ಬಂತು ಅಂತ ಅತ್ತಲಿಂದ ಸುದ್ದಿ ಬಂದರೆ ಮಾತ್ರ ಬಾಯಿ ಬಿಡುತ್ತದೆ. ಹಾಗಾಗಿ ಮಾಮ ಈಗ ಯಾರ ಮುಖವನ್ನೂ ನೋಡುವುದಿಲ್ಲ. ಬೆನ್ನು ತಿರುಗಿಸಿ ತೂಕ ಮಾಡುತ್ತಲೇ ಕಿವಿ ಕೊಟ್ಟಿರುತ್ತಾರೆ. ಅದು ಕೂಗಿದರೆ ಪೊಟ್ಟಣ ಗಿರಾಕಿಯ ಕೈಗೆ.

ಇದೇ ಮಾಮ 2016ರಲ್ಲಿ ನೋಟು ರದ್ದಾದಾಗ ಯುಪಿಐ ಅಂದರೆ ಉರಿದು ಬೀಳುತ್ತಿದ್ದರು. ಆಗ ಅವರ ಹತ್ತಿರ ಸಾಲದ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯದು. ಬೀದಿಯವರು, ದೇವಸ್ಥಾನದವರು, ಎರಡು ತಲೆಮಾರಿನಿಂದ ಬರುವ ಮನೆಯವರು, ಇಷ್ಟೇ ಹೆಸರುಗಳು. ಹಿಂದಿನ ಕಾಲದ ನಂಬಿಕೆ ಅಂತ ನಾವೆಲ್ಲ ಹೊಗಳುತ್ತೇವಲ್ಲ, ಆ ನಂಬಿಕೆ ಬೀದಿಯ ತಿರುವಿನವರೆಗೆ ಮಾತ್ರ ಇತ್ತು. ಗುರುತಿಲ್ಲದವನು 500ರ ನೋಟು ಕೊಟ್ಟರೆ ಮಾಮ ಅವನ ಎದುರಿಗೇ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪರಿಚಯದವರ ನೋಟನ್ನು ಯಾವತ್ತೂ ಹಾಗೆ ಹಿಡಿದದ್ದು ನನಗೆ ನೆನಪಿಲ್ಲ.

ಹನ್ನೆರಡು ಗಂಟೆ ಆಸುಪಾಸಿಗೆ ಬಾಕ್ಸ್ ಸುಮ್ಮನಾಯಿತು.

ಮೊದಲು ನೆಟ್‌ವರ್ಕ್ ಇರಬೇಕು ಅಂದುಕೊಂಡೆವು. ಮಾಮ ಅದನ್ನು ಎತ್ತಿ, ತಲೆ ಮೇಲೆ ಎರಡು ತಟ್ಟಿ, ಬಾಗಿಲ ಹತ್ತಿರ ಇಟ್ಟರು. ಆಮೇಲೆ ನೋಡಿದರೆ ಬೇಕರಿಯ ಸುದೀಪ್ ಕೂಡ ಮಾತಾಡುತ್ತಿಲ್ಲ. ಇಡೀ ದೇಶದಲ್ಲಿ ಯುಪಿಐ ಕೈಕೊಟ್ಟಿದೆ ಅಂತ ಆಮೇಲೆ ಗೊತ್ತಾಯಿತು. ಪೂರ್ತಿ ನಿಂತಿರಲಿಲ್ಲ. ಕೆಲವರದು ಹೋಗುತ್ತಿತ್ತು, ಕೆಲವರದು ಫೇಲ್, ಇನ್ನು ಕೆಲವರ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಬೀದಿಯಲ್ಲಿ ಜನ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದರು, ದುಡ್ಡು ಮೇಲಿನಿಂದ ಇಳಿಯುತ್ತದೇನೋ ಎನ್ನುವ ಹಾಗೆ. ಮಲ್ಲಿಗೆ ಮಾರುವವಳು ಮಾತ್ರ ನಿಶ್ಚಿಂತೆಯಿಂದ ಇದ್ದಳು. ಅವಳದು ಎಲ್ಲ ನಗದು.

ಮಾಮ ಊಟಕ್ಕೆ ಹೊರಟರು. ಹೋಗುವಾಗ ಒಂದೇ ಮಾತು ಹೇಳಿದರು. "ಗುರುತಿನವರಾದ್ರೆ ಬರ್ಕೋ. ಗುರುತಿಲ್ದೋರು ಕ್ಯಾಶ್."

ಎಷ್ಟು ಸುಲಭ ಅಲ್ವಾ? ಆದರೆ ನನಗೆ ಆ ಪೇಟೆಯಲ್ಲಿ ಗುರುತಿನವರೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲೊಂದು ಹಗ್ಗದ ಸುತ್ತು. ಮೂಟೆ ಹೊರುವವನು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕರ್ಪೂರ ಬೇಕು ಎಂದ. ಪೊಟ್ಟಣಕ್ಕೆ 85 ರೂಪಾಯಿ. ಅವನ ಫೋನಿನ ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು, ಮೇಲೆ ಸೆಲ್ಲೋಟೇಪ್. ಸ್ಕ್ಯಾನ್ ಮಾಡಿ ಪಿನ್ ಒತ್ತಿದ. ಚಕ್ರ ಸುತ್ತಲು ಶುರುವಾಯಿತು. ಇಬ್ಬರೂ ಆ ಚಕ್ರವನ್ನೇ ನೋಡುತ್ತ ನಿಂತೆವು. ಅಷ್ಟರಲ್ಲಿ ಅವನಿಗೆ ಬ್ಯಾಂಕಿನ ಮೆಸೇಜ್ ಬಂತು.

"ಕಟ್ ಆಯ್ತು ಅಕ್ಕ, ನೋಡಿ."

ನೋಡಿದೆ. 85 ರೂಪಾಯಿ ಕಡಿತ ಅಂತಿತ್ತು. ಆದರೆ ನಾನು ನೂರಕ್ಕೆ ನೂರು ತೆಗೆದವಳು. ಬ್ಯಾಂಕಿನ ಮೆಸೇಜನ್ನೂ ನಕಲಿ ಮಾಡಬಹುದು ಅಂತ ನನಗೆ ಗೊತ್ತು. "ನಮಗೆ ಬಂದಿಲ್ಲ. ಕ್ಯಾಶ್ ಇದ್ರೆ ಕೊಡಿ" ಎಂದೆ. ಇಲ್ಲ ಎಂದ. ಆಗ ನಾನು ಅವನಿಗೆ ರಿಸರ್ವ್ ಬ್ಯಾಂಕಿನ ನಿಯಮ ಹೇಳಿದೆ! 2019ರಲ್ಲೇ ಆಗಿದೆ, ಕಟ್ ಆದ ದುಡ್ಡು ಅಂಗಡಿಗೆ ಸೇರದಿದ್ದರೆ ಐದು ದಿನದೊಳಗೆ ನಿಮಗೇ ವಾಪಸ್ ಬರಬೇಕು, ತಡ ಆದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ. ನಿಯಮ ಇರುವುದು ನಿಜ. ಅವನು ತಲೆಯಾಡಿಸಿದ. ಕೌಂಟರ್ ಮೇಲಿದ್ದ ಪೊಟ್ಟಣವನ್ನು ನಾನು ನನ್ನ ಕಡೆಗೆ ಎಳೆದುಕೊಂಡೆ. ಅವನು ಒಂದು ಸಲ ಬಾಕ್ಸ್ ಕಡೆ ನೋಡಿದ. "ಅದು ಮಾತಾಡ್ತಿಲ್ವಲ್ಲ" ಎಂದು ಹೊರಟುಹೋದ.

ಅರ್ಧ ಗಂಟೆ ಆಗಿತ್ತೋ ಏನೋ. ಇನ್ನೊಬ್ಬರು ಬಂದರು. (ಇವರಿಗೆ "ಬಂದರು" ಅಂತ ಬರೆಯುತ್ತಿದ್ದೇನೆ, ನೋಡಿ.) ಇಸ್ತ್ರಿ ಮಾಡಿದ ಶರ್ಟ್, ಕೈಯಲ್ಲಿ ಸ್ಮಾರ್ಟ್ ವಾಚ್. ಮನೆಯಲ್ಲಿ ಗೃಹಪ್ರವೇಶವಂತೆ. ಪುರೋಹಿತರು ಕಳಿಸಿದ ಪಟ್ಟಿಯನ್ನು ಫೋನಿನಲ್ಲೇ ಓದಿ ಓದಿ ಹೇಳಿದರು. ನವಧಾನ್ಯ, ಜೇನುತುಪ್ಪ, ಕೊಬ್ಬರಿ ಗಿಟುಕು, ಎರಡು ಡಬ್ಬಿ ಒಳ್ಳೆಯ ಅಗರಬತ್ತಿ. ಒಟ್ಟು 1,640.

"ಇವತ್ತು ಯುಪಿಐ ಕಥೆ ಕೇಳ್ಬೇಡಿ ಮೇಡಂ, ಎರಡು ಅಂಗಡೀಲಿ ಫೇಲ್ ಆಯ್ತು. ನಿಮ್ಮಲ್ಲಿ ನೋಡೋಣ" ಎಂದರು. ನನಗಿದ್ದ ಅನುಮಾನವನ್ನು ಅವರೇ ಮೊದಲು ಆಡಿಬಿಟ್ಟರು. ಅಲ್ಲಿಗೆ ಅನುಮಾನವೂ ಹೋಯಿತು. ಫೋನನ್ನು ಕ್ಯೂಆರ್ ಕಡೆ ಹಿಡಿದರು. ಟಿಂಗ್ ಅಂತ ಸದ್ದು. ಹಸಿರು ಟಿಕ್, ಕೆಳಗೆ ನಮ್ಮ ಅಂಗಡಿಯ ಹೆಸರು, 1,640. "ಓ, ಹೋಯ್ತು!" ಎಂದರು. ನನಗೂ ಖುಷಿಯಾಯಿತು. ಒಂದು ಬೆಂಕಿಪೊಟ್ಟಣವನ್ನು ಸುಮ್ನೆ ಚೀಲಕ್ಕೆ ಹಾಕಿ ಕೊಟ್ಟೆ.

ಐದು ಗಂಟೆ ಹೊತ್ತಿಗೆ ಬಾಕ್ಸ್‌ಗೆ ಜೀವ ಬಂತು. ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಒಂದರ ಹಿಂದೆ ಒಂದರಂತೆ ಹೇಳತೊಡಗಿತು. 30 ರೂಪಾಯಿ. 120 ರೂಪಾಯಿ. ಮಧ್ಯಾಹ್ನದ ವಹಿವಾಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಪೆನ್ ಹಿಡಿದು ಟಿಕ್ ಹಾಕುತ್ತ ಕೂತೆ.

"85 ರೂಪಾಯಿ ಸ್ವೀಕರಿಸಲಾಗಿದೆ."

ಚೀಟಿಯಲ್ಲಿ 85 ಇರಲಿಲ್ಲ. ವ್ಯಾಪಾರ ಆಗಲಿಲ್ಲ ಅಂತ ನಾನು ಬರೆದೇ ಇರಲಿಲ್ಲ. ಒಂದು ಕ್ಷಣ ಯಾರದಪ್ಪ ಇದು ಅಂತ ಯೋಚಿಸಿದೆ. ಆಮೇಲೆ ಹೊಳೆಯಿತು. 1,640 ಮಾತ್ರ ಆರು ಗಂಟೆಯಾದರೂ ಬರಲಿಲ್ಲ, ಏಳಾದರೂ ಬರಲಿಲ್ಲ.

"ಯಾರಿಗೆ ಕೊಟ್ಟೆ?" ಎಂದರು ಮಾಮ.

"ಗೊತ್ತಿಲ್ಲ. ಒಳ್ಳೆ ಮನುಷ್ಯರ ಥರ ಇದ್ರು."

"ಒಳ್ಳೆ ಮನುಷ್ಯರು ಯಾವ ಥರ ಇರ್ತಾರೆ?"

ಅವರು ಬೈಯಲಿಲ್ಲ. ನಿಜವಾಗಿಯೂ ಕೇಳಿದ ಹಾಗೆ ಕೇಳಿದರು, ಅದೇ ಕಷ್ಟವಾಯಿತು.

ಇಂಥ ನಕಲಿ ಆ್ಯಪ್‌ಗಳು ಟೆಲಿಗ್ರಾಂನಲ್ಲೆಲ್ಲ ಓಡಾಡುತ್ತವೆ ಅಂತ ಆಮೇಲೆ ಓದಿಕೊಂಡೆ. ಬಣ್ಣ, ಅಕ್ಷರ, ಟಿಂಗ್ ಸದ್ದು, ಎಲ್ಲ ಅಸಲಿಯ ಹಾಗೇ. ಅಂಗಡಿ ಹೆಸರು ಹೇಗೆ ಬಂತು ಅನ್ನುವುದೇ ನನ್ನ ತಲೆ ತಿಂದಿತ್ತು. ಕ್ಯೂಆರ್ ಒಳಗೇ ಅಂಗಡಿಯ ಹೆಸರೂ ಬರೆದಿರುತ್ತದೆ. ಅದನ್ನು ಓದಿ ತೋರಿಸುವುದಕ್ಕೆ ಯಾವ ಬ್ಯಾಂಕೂ ಬೇಕಾಗಿಲ್ಲ. 1930ಕ್ಕೆ ಫೋನ್ ಮಾಡೋಣ ಎಂದೆ. ಅದು ಖಾತೆಯಿಂದ ಹೋದ ದುಡ್ಡನ್ನು ದಾರಿಯಲ್ಲೇ ತಡೆಯಲು ಇರುವ ಸಹಾಯವಾಣಿ. ಬೇಗ ಹೇಳಿದಷ್ಟೂ ಒಳ್ಳೆಯದು. ಆದರೆ ಇಲ್ಲಿ ತಡೆಯಲು ಏನಿದೆ? ಯಾವ ಖಾತೆಯಿಂದಲೂ ಒಂದು ಪೈಸೆ ಅಲುಗಿಲ್ಲ. ಅವನು ಒಂದು ಚಿತ್ರ ತೋರಿಸಿ ಸಾಮಾನು ಎತ್ತಿಕೊಂಡು ಹೋಗಿದ್ದ, ಅಷ್ಟೇ. ಸಂತೆಯಲ್ಲಿ ಸವಕಲು ನಾಣ್ಯ ದಾಟಿಸುವ ಹಳೆಯ ಕಸುಬು. ಸ್ಟೇಷನ್‌ಗೆ ಹೋಗಲು ಮಾಮ ಒಪ್ಪಲಿಲ್ಲ. ಕರಗದ ದಿನ ಪೊಲೀಸರಿಗೆ ಬೇರೆ ಕೆಲಸ ಇದೆ ಎಂದರು.

ಸಿಸಿಟಿವಿ ಇತ್ತು. ರಾತ್ರಿ ಎಂಟರ ಹೊತ್ತಿಗೆ ಮಾಮನ ಫೋನಿನಲ್ಲಿ ಹಾಕಿ ನೋಡಿದೆವು. ಕಳ್ಳನ ಮುಖ ಚೆನ್ನಾಗಿಯೇ ಬಿದ್ದಿತ್ತು. ಸ್ಕ್ಯಾನ್ ಮಾಡಿದ ಮೇಲೆ ಅವನು ಪಿನ್ ಒತ್ತುವುದೇ ಇಲ್ಲ, ಹೆಬ್ಬೆರಳು ಒಮ್ಮೆ ಮಾತ್ರ ಅಲ್ಲಾಡುತ್ತದೆ. ಆ ಹೊತ್ತಿಗೆ ನಾನು ತಲೆ ಬಗ್ಗಿಸಿ ಚೀಲ ಕಟ್ಟುತ್ತಿದ್ದೇನೆ. ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿದಾಗ ಮೊದಲಿನವನೂ ಬಂದ. ಕ್ಯಾಮೆರಾಗೆ ಶಬ್ದ ಇಲ್ಲ. ನಾನು ಹೇಳಿದ ರಿಸರ್ವ್ ಬ್ಯಾಂಕ್ ನಿಯಮ ಅದರಲ್ಲಿ ಕೇಳಿಸುವುದಿಲ್ಲ. ಒಬ್ಬ ಹೆಂಗಸು ಜೋರಾಗಿ ಕೈ ಆಡಿಸುತ್ತಾಳೆ, ಒಬ್ಬ ಗಂಡಸು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ತೋರಿಸುತ್ತಾನೆ. ಅವಳು ಪೊಟ್ಟಣವನ್ನು ಎಳೆದುಕೊಳ್ಳುತ್ತಾಳೆ. ನಾನು ಮೆಲ್ಲಗೆ ಎಳೆದುಕೊಂಡೆ ಅಂದುಕೊಂಡಿದ್ದೆ. ಮೆಲ್ಲಗೆ ಅಲ್ಲ, ಕಿತ್ತುಕೊಂಡಿದ್ದೆ.

ಮಾಮ ಏನೂ ಹೇಳಲಿಲ್ಲ. ಅಲ್ಲಿಗೆ ನಿಲ್ಲಿಸಿ ಫೋನನ್ನು ಜೇಬಿಗೆ ಹಾಕಿಕೊಂಡರು.

ಬಾಕ್ಸ್ ಮಾತಾಡುವಾಗ ಮೂಟೆ ಹೊರುವವನಿಗೂ ಸ್ಮಾರ್ಟ್ ವಾಚಿನವನಿಗೂ ಅದೇ ಶೀತದ ಗಂಟಲು, ಅದೇ ವಾಕ್ಯ. ಅದು ಬಾಯಿ ಮುಚ್ಚಿದ್ದೇ ತಡ, ನಾನು ಬಟ್ಟೆ ನೋಡಿದ್ದೆ, ಗಾಜು ನೋಡಿದ್ದೆ. ತರಬೇತಿಯಲ್ಲಿ ಕಲಿತದ್ದೆಲ್ಲ ನೆನಪಿತ್ತು, ಆದರೆ ಅದನ್ನು ಪ್ರಯೋಗಿಸಿದ್ದು ಒಬ್ಬನ ಮೇಲೆ ಮಾತ್ರ.

85 ರೂಪಾಯಿ ವಾಪಸ್ ಹಾಕಿಬಿಡೋಣ ಎಂದೆ. ಮಾಮ ಬೇಡ ಎಂದರು. "ಅವನು ಕೇಳಿದ್ದು ದುಡ್ಡಲ್ಲ, ಕರ್ಪೂರ. ಎತ್ತಿಡು. ಬರ್ತಾನೆ." ಪೊಟ್ಟಣದ ಮೇಲೆ "85, ದುಡ್ಡು ಬಂದಿದೆ" ಅಂತ ಬರೆದು ಡ್ರಾಯರ್‌ನಲ್ಲಿ ಇಟ್ಟೆ. ರಾತ್ರಿ ಕರಗ ನೋಡಲು ನಿಂತೆ. ಆ ಜನಸಾಗರದಲ್ಲಿ, ಮಲ್ಲಿಗೆಯ ಘಮದಲ್ಲಿ, ಹೆಗಲ ಮೇಲೆ ಟವೆಲ್ ಇದ್ದವರೆಲ್ಲ ಅವನ ಹಾಗೇ ಕಂಡರು.

ಅವನು ಬರಲಿಲ್ಲ. ಮೇ ಆಯಿತು, ಜೂನ್ ಆಯಿತು. ಮಾಮನಿಗೆ ಹೊಸದೊಂದು ಅಭ್ಯಾಸ ಬಂತು. ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಸ್ಟಿಕ್ಕರ್ ಅಂಚಿನ ಮೇಲೆ ಉಗುರು ಆಡಿಸಿ ನೋಡುತ್ತಾರೆ. ಖಜುರಾಹೊದಲ್ಲಿ ಜನವರಿಯಲ್ಲಿ ರಾತ್ರೋರಾತ್ರಿ ಅಂಗಡಿಗಳ ಸ್ಟಿಕ್ಕರ್ ಮೇಲೆ ಕಳ್ಳರು ತಮ್ಮ ಸ್ಟಿಕ್ಕರ್ ಅಂಟಿಸಿದ್ದರಂತೆ, ಅದನ್ನು ಯಾರೋ ಅವರಿಗೆ ಹೇಳಿದ್ದರು.

ಜುಲೈನಲ್ಲಿ ಬಾಕ್ಸೇ ಮಾಯವಾಯಿತು. ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ಗಲಾಟೆ ನಿಮಗೂ ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂದಿತ್ತು. ಮಾಮನಿಗೆ ನೋಟಿಸ್ ಬರಲಿಲ್ಲ. ವರ್ಷಕ್ಕೆ 40 ಲಕ್ಷದ ವ್ಯಾಪಾರ ಅವರದಲ್ಲವೇ ಅಲ್ಲ. ಆದರೂ ಬೀದಿಯಲ್ಲೆಲ್ಲ "ಓನ್ಲಿ ಕ್ಯಾಶ್" ಚೀಟಿ ಅಂಟಿದ್ದು ನೋಡಿ ಅವರೂ ಬಾಕ್ಸ್‌ನ ವೈರ್ ಸುತ್ತಿ ಡ್ರಾಯರ್‌ಗೆ ಹಾಕಿದರು. "ಇದು ನಮ್ಮ ಪರ ಸಾಕ್ಷಿ ಹೇಳುತ್ತೆ ಅಂದ್ಕೊಂಡಿದ್ದೆ" ಎಂದರು. ಮುಖ್ಯಮಂತ್ರಿ ವ್ಯಾಪಾರಿಗಳ ಜತೆ ಕೂತು ಮಾತಾಡಿ ಹಳೆಯ ಬಾಕಿ ಕೇಳುವುದಿಲ್ಲ ಅಂದ ಮೇಲೆ ಅದು ಮತ್ತೆ ಕೌಂಟರ್ ಹತ್ತಿತು. ಆ ಹತ್ತು ಹದಿನೈದು ದಿನ ಬಾಕ್ಸೂ ಕರ್ಪೂರದ ಪೊಟ್ಟಣವೂ ಒಂದೇ ಡ್ರಾಯರ್‌ನಲ್ಲಿ ಅಕ್ಕಪಕ್ಕ ಇದ್ದವು.

ಗಣೇಶನ ಹಬ್ಬಕ್ಕೆ ನಾಲ್ಕು ದಿನ ಇತ್ತು. ಶನಿವಾರ. ಕೈ ಸಹಾಯಕ್ಕೆ ಅಂತ ನಾನು ಮತ್ತೆ ಹೋಗಿದ್ದೆ. ಮುಖ ಗುರುತು ಸಿಗಲಿಲ್ಲ, ಫೋನ್ ಸಿಕ್ಕಿತು. ಅದೇ ಒಡೆದ ಗಾಜು, ಹೊಸ ಸೆಲ್ಲೋಟೇಪ್.

ನಾನು ಏನು ಕೊಡಲಿ ಅಂತ ಕೇಳಲೇ ಇಲ್ಲ. ಡ್ರಾಯರ್ ಎಳೆದು ಪೊಟ್ಟಣ ತೆಗೆದೆ. ಕೈಗೆ ಹಗುರ ಅನ್ನಿಸಿತು. ನಾಲ್ಕು ತಿಂಗಳಲ್ಲಿ ಪ್ಲಾಸ್ಟಿಕ್ ಒಳಗೇ ಕರಗಿ, ಬಿಲ್ಲೆಗಳು ಅಂಚು ಸವೆದು ಚಿಕ್ಕದಾಗಿದ್ದವು. ಮಾಮ ನೋಡಿದರು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟು, ಹೊಸ ಪೊಟ್ಟಣ ಇಳಿಸಿ, ಹಾರದಿರಲಿ ಅಂತ ಒಳಗೆ ನಾಲ್ಕು ಕಾಳು ಮೆಣಸು ಹಾಕಿದರು.

"ಅವತ್ತು ನಿಮ್ಮ ದುಡ್ಡು ಬಂದಿತ್ತು" ಎಂದೆ. "ಸಂಜೆ ಬಂತು. ತಪ್ಪು ನನ್ನದು."

"ಗೊತ್ತು ಅಕ್ಕ. ಕಟ್ ಆಗಿತ್ತಲ್ಲ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಪೊಟ್ಟಣ ತೆಗೆದುಕೊಂಡು ಚೀಲಕ್ಕೆ ಹಾಕಿದ. ಆಮೇಲೆ ಹೂಬತ್ತಿ ಕೇಳಿದ, 10 ರೂಪಾಯಿಯದು. ಕೊಟ್ಟೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದ. ಆ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿ ಸಲ ಹೀಗೆ ದುಡ್ಡು ಓಡಾಡಿತಂತೆ, ಅದರಲ್ಲಿ ಇದೂ ಒಂದು.

ಹೂಬತ್ತಿಯ ಪೊಟ್ಟಣ ಅವನ ಕೈಗೆ ಒಂದು ಗೇಣು ದೂರದಲ್ಲೇ ಇತ್ತು. "ತಗೊಳ್ಳಿ" ಎಂದೆ. ಅವನು ಮುಟ್ಟಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದು, ಬಾಕ್ಸ್ ನೋಡುತ್ತ ನಿಂತ. ಅದು 10 ರೂಪಾಯಿ ಅಂತ ಪೂರ್ತಿ ಹೇಳಿ ಮುಗಿಸಿದ ಮೇಲೆ ಕೈ ಚಾಚಿದ.