ಕೆಟ್ಟ ಸ್ಲೈಡುಗಳ ಶನಿವಾರ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಶಾಲಾ ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ ಒಂದು ಶನಿವಾರವನ್ನು ಪೂರ್ತಿಯಾಗಿ ಸೂಕ್ಷ್ಮದರ್ಶಕಕ್ಕೆ ಮೀಸಲಿಡುವುದು ನಾನು ಪಾಲಿಸಿಕೊಂಡು ಬಂದ ಪದ್ಧತಿ. ಪದವಿಯಲ್ಲಿ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ ಬಂದವರಿಗೆ ಸ್ಲೈಡು ಹೊಸದಲ್ಲ. ಆದರೆ ಅಲ್ಲಿ ಅವರು ಹೆಚ್ಚಾಗಿ ನೋಡಿರುವುದು ಮರದ ಪೆಟ್ಟಿಗೆಗಳಲ್ಲಿ ಅಂಗಡಿಯಿಂದ ಬಂದ ಶಾಶ್ವತ ಸ್ಲೈಡುಗಳನ್ನು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ಕೆಲವೇ ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬಣ್ಣ ಹಿಡಿಸಿ, ಆಲ್ಕೋಹಾಲಿನಲ್ಲಿ ನೀರಿನಂಶ ತೆಗೆದು, ಡಿಪಿಎಕ್ಸ್ ಎಂಬ ಪಾರದರ್ಶಕ ಅಂಟು ಹಾಕಿ ಮುಚ್ಚಿದ ಆ ಸ್ಲೈಡುಗಳಲ್ಲಿ ಹುಳುಕು ಕಾಣುವುದು ಅಪರೂಪ. ಎಂಟನೇ ತರಗತಿಯ ಮಗು ತಯಾರಿಸುವ ಸ್ಲೈಡಿನಲ್ಲಾದರೋ ಹುಳುಕೇ ಮೊದಲು ಕಣ್ಣಿಗೆ ಬೀಳುತ್ತದೆ.

ಈ ಬಾರಿಯೂ ಈರುಳ್ಳಿಯಿಂದಲೇ ಆರಂಭಿಸಿದೆವು. ಎಸಳಿನ ಒಳಮೈಯಿಂದ ತೆಳುಪೊರೆ ಎಬ್ಬಿಸಿ, ಸುರುಳಿಯಾಗದಂತೆ ಕೂಡಲೇ ನೀರಿಗೆ ಬಿಟ್ಟು, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣದಲ್ಲಿ ಸ್ವಲ್ಪ ಹೊತ್ತು ಇರಿಸಿ ತೊಳೆದು, ಗ್ಲಿಸರಿನ್ ಹನಿಯ ಮೇಲೆ ಹರಡಿ, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿಕೊಂಡು ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಬೇಕು. ವಿಧಾನ ಎಲ್ಲರಿಗೂ ಬಾಯಿಪಾಠವಾಗಿತ್ತು. ಹತ್ತು ನಿಮಿಷದೊಳಗೆ ಹಿಂದಿನ ಮೇಜಿನಿಂದ, "ಮೇಡಂ, ಕೋಶಕೇಂದ್ರ ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಎಂಬ ಕೂಗು ಕೇಳಿಸಿತು. ಹೋಗಿ ನೋಡಿದರೆ ದಪ್ಪನೆಯ ಕಪ್ಪು ಅಂಚಿನ, ನಡುವೆ ಬೆಳ್ಳಗೆ ಹೊಳೆಯುವ ದುಂಡನೆಯ ಗಾಳಿಗುಳ್ಳೆ. ಗಾಳಿ ಮತ್ತು ದ್ರವ ಸೇರುವ ಗಡಿಯಲ್ಲಿ ಬೆಳಕು ಬಾಗಿ ಚದುರುವುದರಿಂದ ಆ ಅಂಚು ಅಷ್ಟು ಕಪ್ಪಗೆ ಕಾಣುತ್ತದೆ. ಪಕ್ಕದವರೂ ಬಗ್ಗಿ ನೋಡಿ, ಹೌದು, ಕೋಶಕೇಂದ್ರವೇ ಎಂದು ತಲೆಯಾಡಿಸಿದರು.

ನಾನು ಉತ್ತರ ಹೇಳದೆ ಕವರ್ ಸ್ಲಿಪ್ಪನ್ನು ಸೂಜಿಯ ತುದಿಯಿಂದ ಹಗುರವಾಗಿ ಒತ್ತಿ ಮತ್ತೆ ನೋಡಲು ಹೇಳಿದೆ. ಗುಳ್ಳೆ ಚಪ್ಪಟೆಯಾಗಿ ಪಕ್ಕಕ್ಕೆ ಸರಿದಿತ್ತು. ಎರಡು ಮೂರು ಕೋಶಗಳ ಭಿತ್ತಿಯನ್ನು ದಾಟಿ ಕುಳಿತಿರುವ ವಸ್ತು ಕೋಶಕೇಂದ್ರವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಆಮೇಲೆ ಅವರೇ ಕೇಳಿಕೊಂಡರು. ಮುಂದೆ ಮಕ್ಕಳ ಹೆಗಲಿನ ಹಿಂದೆ ನಿಂತು ಒಂದು ನೋಟದಲ್ಲಿ ದೋಷ ಪತ್ತೆಮಾಡಬೇಕಾದವರು ಇವರು. ಒಳ್ಳೆಯ ಸ್ಲೈಡು ತಯಾರಿಸುವುದನ್ನಷ್ಟೇ ಕಲಿತು ಹೋದರೆ ಸಾಲದು ಅನ್ನಿಸಿ, ಮಧ್ಯಾಹ್ನದ ಕಾರ್ಯಕ್ರಮವನ್ನು ಬದಲಿಸಿದೆ. ಊಟವಾದ ಮೇಲೆ ಪ್ರತಿಯೊಬ್ಬರೂ ಬೇಕೆಂದೇ ಒಂದು ಕೆಟ್ಟ ಸ್ಲೈಡು ತಯಾರಿಸಿ ಪಕ್ಕದವರಿಗೆ ಕೊಡಬೇಕು. ಪಕ್ಕದವರು ಬರಿಯ ನೋಟದಿಂದಲೇ ಕಾರಣ ಹೇಳಬೇಕು.

ಆ ಒಂದು ಗಂಟೆಯಲ್ಲಿ ಪ್ರಯೋಗಾಲಯಕ್ಕೆ ಬಂದ ಕಳೆ ಬೆಳಿಗ್ಗೆ ಇರಲಿಲ್ಲ. ಮಡಿಚಿದ ಪೊರೆಯಲ್ಲಿ ಎರಡು ಬಲೆಗಳನ್ನು ಒಂದರ ಮೇಲೊಂದು ಹಾಸಿದಂತೆ ಕೋಶಭಿತ್ತಿಗಳು ಅಡ್ಡಾದಿಡ್ಡಿ ಕಂಡವು. ಬಣ್ಣ ತೊಳೆಯದ ಪೊರೆ ಒಂದೇ ಕೆಂಪು ಮುದ್ದೆ. ಉಪ್ಪುನೀರಿನಲ್ಲಿ ಬಿಟ್ಟ ರೋಯಿಯೊ ಎಂಬ ಅಲಂಕಾರಿಕ ಗಿಡದ ಎಲೆಯ ಪೊರೆಯಲ್ಲಿ ನೇರಳೆ ಬಣ್ಣದ ಕೋಶರಸ ಭಿತ್ತಿಯಿಂದ ದೂರ ಸರಿದು ಮುದುಡಿತ್ತು. ಅದನ್ನು ಕೆಟ್ಟ ಸ್ಲೈಡು ಎನ್ನಬೇಕೋ ಪ್ಲಾಸ್ಮಾಲಿಸಿಸ್ (ನೀರು ಕಳೆದುಕೊಂಡು ಕೋಶದ ಒಳಭಾಗ ಮುದುಡುವುದು) ಪಾಠಕ್ಕೆ ಒಳ್ಳೆಯ ಸ್ಲೈಡು ಎನ್ನಬೇಕೋ ಎಂದು ಸಣ್ಣ ಜಗಳವೇ ನಡೆಯಿತು. ಒಬ್ಬರು ಕೊಟ್ಟ ಸ್ಲೈಡು ಮಾತ್ರ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ನಲವತ್ತು ಪಟ್ಟಿನದಕ್ಕೆ ತಿರುಗಿಸಿದರೆ ಏನು ಮಾಡಿದರೂ ಫೋಕಸ್ ಆಗುತ್ತಿರಲಿಲ್ಲ. ಮಸೂರ ಕೊಳೆಯಾಗಿದೆ ಎಂದರು, ಕನ್ನಡಿ ಸರಿಯಿಲ್ಲ ಎಂದರು. ಕೊನೆಗೆ ಸ್ಲೈಡು ಬೋರಲಾಗಿದೆ, ಕವರ್ ಸ್ಲಿಪ್ ಕೆಳಗಿದೆ ಎಂಬುದು ಹೊಳೆಯಿತು. ನಲವತ್ತರ ಮಸೂರ ವಸ್ತುವಿಗೆ ತೀರ ಹತ್ತಿರ ಬರಬೇಕು, ನಡುವೆ ಇಡೀ ಗಾಜಿನ ದಪ್ಪವೇ ಅಡ್ಡಬಂದರೆ ಅದು ಸಾಧ್ಯವಿಲ್ಲ. ಶಾಲೆಯಲ್ಲಿ ಕವರ್ ಸ್ಲಿಪ್ಪುಗಳು ಒಡೆಯುವುದೂ ಬಹಳ ಸಲ ಇದೇ ಕಾರಣಕ್ಕೆ.

ಪ್ರಾಣಿಗಳ ಭಾಗ ಚಿಕ್ಕದು. ಕಾಲೇಜುಗಳಲ್ಲಿ ಪ್ರಾಣಿ ಛೇದನವನ್ನು ಕೈಬಿಡುವಂತೆ 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಸೂಚಿಸಿದ ಮೇಲೆ ಕೊಲ್ಲದೆ ಸಿಗುವ ವಸ್ತುಗಳನ್ನೇ ಹುಡುಕಬೇಕಾಗಿದೆ, ಅದು ನನಗೆ ನಷ್ಟವೆಂದು ಅನ್ನಿಸಿಲ್ಲ. ಮಾರುಕಟ್ಟೆಯಲ್ಲಿ ಎಸೆಯುವ ಕಾಟ್ಲಾ ಮೀನಿನ ಹುರುಪೆಯನ್ನು ತೊಳೆದು ಗ್ಲಿಸರಿನ್‌ನಲ್ಲಿಟ್ಟರೆ ಅದರ ವರ್ತುಲಗಳು ಕಡಿಮೆ ವರ್ಧನೆಯಲ್ಲೇ ಕಾಣುತ್ತವೆ. ಕೆನ್ನೆಯ ಒಳಪೊರೆಯ ಕೋಶಗಳದ್ದೇ ತಕರಾರು. ಈರುಳ್ಳಿಯಂತೆ ಸಾಲಾಗಿ ನಿಲ್ಲದೆ, ಅಂಚು ಮಡಿಚಿಕೊಂಡು ಅಲ್ಲಲ್ಲಿ ಚದುರಿರುವ ಈ ಕೋಶಗಳು ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೂ ಮಸುಕು. ಬೆಳಕು ಹೆಚ್ಚಿಸಿದಷ್ಟೂ ಇನ್ನಷ್ಟು ಮಾಯವಾಗುತ್ತವೆ; ಬೆಳಕು ಬರುವ ಕಿಂಡಿಯಾದ ಡಯಾಫ್ರಂ ಕಿರಿದಾಗಿಸಿದರೆ ಅಂಚು ಮೂಡುತ್ತದೆ. "ಎಂಜಲು ಅಂತ ಮಕ್ಕಳು ಮುಟ್ಟದಿದ್ದರೆ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರ ಎಂಜಲನ್ನು ಮುಟ್ಟಲೂಬಾರದು ಎಂದೆ. ಅವರವರ ಕೆನ್ನೆ, ಅವರವರ ಕಡ್ಡಿ, ಕೆಲಸ ಮುಗಿದ ಕೂಡಲೇ ಕಡ್ಡಿಯೂ ಸ್ಲೈಡೂ ಬ್ಲೀಚ್ ದ್ರಾವಣಕ್ಕೆ.

ಕಾಂಡದ ಅಡ್ಡಸೀಳಿಕೆಗೆ ಸಂಜೆ ಹೊತ್ತಾಗಿತ್ತು. ಕ್ಯಾರೆಟ್ಟಿನ ನಡುವೆ ಸೂರ್ಯಕಾಂತಿಯ ಎಳೆ ಕಾಂಡ ಸಿಕ್ಕಿಸಿ ಬ್ಲೇಡಿನಲ್ಲಿ ಕೊಯ್ಯುವಾಗ ಎಲ್ಲರಿಗೂ ಪೂರ್ತಿ ವೃತ್ತವೇ ಬೇಕೆಂಬ ಹಟ. ದಪ್ಪನೆಯ ಪೂರ್ಣ ವೃತ್ತಕ್ಕಿಂತ ತೆಳ್ಳನೆಯ ಅರೆಚಂದ್ರವೇ ಮೇಲು; ಅದರಲ್ಲಿ ನೀರು ಸಾಗಿಸುವ ಕ್ಸೈಲಂ ನಾಳಗಳು ಸ್ಯಾಫ್ರನಿನ್ ಹೀರಿ ಕೆಂಪಗೆ ಎದ್ದು ಕಾಣುತ್ತವೆ.

ಹೊರಡುವ ಮುನ್ನ ಪಾಠಯೋಜನೆಗಳನ್ನು ತಿದ್ದಲು ಕುಳಿತೆವು. ಬೋರಲು ಸ್ಲೈಡು ಮಾಡಿದವರು ತಮ್ಮ ಮೊದಲ ಪಾಠವನ್ನು ಕೆಟ್ಟ ಸ್ಲೈಡಿನಿಂದಲೇ ಆರಂಭಿಸುವುದಾಗಿ ಬರೆದಿದ್ದರು. ಮಕ್ಕಳು ಮೊದಲು ಕಾಣಬೇಕಾದದ್ದು ಸರಿಯಾದ ಕೋಶವನ್ನು ಎಂದು ನಾನು ಆಕ್ಷೇಪಿಸಿದೆ. ಗುಳ್ಳೆಯನ್ನು ತೋರಿಸದಿದ್ದರೆ ಮಕ್ಕಳು ಅದನ್ನೇ ಚಿತ್ರ ಬರೆದುಕೊಳ್ಳುತ್ತಾರೆ ಎಂದು ಅವರು ವಾದಿಸಿದರು. ಕೊನೆಗೆ ನಲವತ್ತು ನಿಮಿಷದ ಅವಧಿಯಲ್ಲಿ ಮೊದಲರ್ಧ ಒಳ್ಳೆಯ ಸ್ಲೈಡಿಗೆ, ಉಳಿದದ್ದು ಗುಳ್ಳೆಗೆ ಎಂದು ತಿದ್ದಿ ಸಹಿ ಹಾಕಿಸಿಕೊಂಡರು.