ಬಾಯಿಕಳಕದ ಗೂಡು, ಬಾವಲಿಯ ಕೊಂಬೆ

ಮೈಸೂರಿನ ಸುತ್ತಮುತ್ತ ಮಕ್ಕಳಿಗೆ ಹಕ್ಕಿಗಳನ್ನೂ ಬಾವಲಿಗಳನ್ನೂ ಒಟ್ಟಿಗೆ ತೋರಿಸಬೇಕೆಂದರೆ ರಂಗನತಿಟ್ಟಿಗಿಂತ ಅನುಕೂಲವಾದ ಜಾಗ ನನಗೆ ತಿಳಿದಂತೆ ಇನ್ನೊಂದಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ಈ ತಾಣವನ್ನು, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದರು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತವರ ದೃಷ್ಟಿ ಸಾಮಾನ್ಯವಾಗಿ ಕೊಕ್ಕರೆಗಳಿಂದ ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಗೆ ಹೋಗುತ್ತದೆ, ಮೊಸಳೆಯಿಂದ ಮೊಬೈಲಿಗೆ ಮರಳುತ್ತದೆ. ಮರಗಳಲ್ಲಿ ತಲೆಕೆಳಗಾಗಿ ಜೋತುಬಿದ್ದ ದೊಡ್ಡ ಬಾವಲಿಗಳ ಹಿಂಡನ್ನು ಹಿರಿಯರು ‘ಅಯ್ಯೋ, ಬಾವಲಿ’ ಎಂಬ ಒಂದೇ ಉದ್ಗಾರದಲ್ಲಿ ಮುಗಿಸಿಬಿಡುತ್ತಾರೆ. ರಜಾದಿನಗಳಲ್ಲಿ ನಮ್ಮ ಬಡಾವಣೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ನಾನು, ಆ ಮರಗಳ ಬಳಿ ಸ್ವಲ್ಪ ನಿಧಾನಿಸಬೇಕೆಂದು ದೋಣಿ ನಡೆಸುವವರನ್ನು ಮೊದಲೇ ಕೇಳಿಕೊಂಡಿರುತ್ತೇನೆ.

ಹಕ್ಕಿಯ ಪರಿಚಯವನ್ನು ಹೆಸರುಗಳ ಪಟ್ಟಿಯಿಂದ ಆರಂಭಿಸುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ. ಹೆಸರು ಹೇಳಿದ ಕೂಡಲೇ ಮಗು ಅದನ್ನು ಬರೆದುಕೊಂಡು, ಕೆಲಸ ಮುಗಿಯಿತೆಂದು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ಪಕ್ಕದಲ್ಲಿ ಬಾವಲಿ ಇದ್ದರೆ ಹಾಗಾಗುವುದಿಲ್ಲ; ಎರಡೂ ಹಾರುತ್ತವೆ, ಎರಡೂ ಮರದ ಮೇಲಿವೆ, ಹಾಗಿದ್ದರೆ ಒಂದು ಹಕ್ಕಿ ಹೇಗೆ, ಇನ್ನೊಂದು ಏಕಲ್ಲ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮಾರ್ಚ್ ತಿಂಗಳಲ್ಲಿ ಹೋದರೆ ಉತ್ತರದ ಅರ್ಧ ಭಾಗ ಕಣ್ಣೆದುರೇ ಸಿಗುತ್ತದೆ. ಬಾಯಿಕಳಕವೆಂಬ ಕೊಕ್ಕರೆ ಗೂಡಿಗೆ ಬಂದು ಮರಿಗಳ ಮುಂದೆ ಆಹಾರವನ್ನು ಕಕ್ಕುತ್ತಿರುವಾಗ, ಅನತಿ ದೂರದ ಕೊಂಬೆಯಲ್ಲಿ ತಾಯಿ ಬಾವಲಿ ತನ್ನ ಒಂದೇ ಮರಿಯನ್ನು ರೆಕ್ಕೆಯೊಳಗೆ ಅವಚಿಕೊಂಡು ಹಾಲೂಡಿಸುತ್ತಿರಬಹುದು. ಮುಚ್ಚಿದ ಕೊಕ್ಕಿನ ನಡುವೆಯೂ ಸಂದು ಉಳಿಯುವುದರಿಂದ ಬಾಯಿಕಳಕಕ್ಕೆ ಆ ಹೆಸರು ಬಂದಿದೆ. ಮರಿಗಳ ಕೊಕ್ಕಿನಲ್ಲಿ ಆ ಸಂದು ಇರುವುದಿಲ್ಲವೆಂಬುದನ್ನು ಒಮ್ಮೆ ಒಬ್ಬ ಹುಡುಗಿ ದುರ್ಬೀನಿನಲ್ಲಿ ತಾನಾಗಿಯೇ ಕಂಡುಹಿಡಿದಳು. ನಾನು ಹೇಳಿಕೊಟ್ಟಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಉಳಿದರ್ಧ ರೆಕ್ಕೆಯಲ್ಲಿದೆ. ಕೋಳಿಯ ಅಥವಾ ಪಾರಿವಾಳದ ಗರಿಯೊಂದನ್ನು ಮಕ್ಕಳ ಕೈಗೆ ಕೊಟ್ಟು, ಅದರ ಎಳೆಗಳನ್ನು ಬಿಡಿಸಿ ಮತ್ತೆ ಬೆರಳಿನಿಂದ ಸವರಿ ಕೂಡಿಸಲು ಹೇಳುತ್ತೇನೆ. ಗರಿಗಳೇ ಹಕ್ಕಿಗೆ ರೆಕ್ಕೆಯ ಹರವನ್ನು ಕೊಡುತ್ತವೆ, ಒಳಗಿನ ಬೆರಳುಗಳು ಕುಗ್ಗಿಹೋಗಿವೆ. ಬಳಿಕ ಅವರ ಅಂಗೈಯನ್ನೇ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಬೇಕು, ಹೆಬ್ಬೆರಳನ್ನು ಹಾಗೆಯೇ ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಕಾಗದದ ಅಂಚಿನವರೆಗೂ ಬೆಳೆಸಬೇಕು, ನಡುವಿನ ಜಾಗಕ್ಕೆ ತೊಗಲಿನ ಬಣ್ಣ ತುಂಬಬೇಕು. ಬಾವಲಿ ಹಾರುವುದು ತನ್ನ ಕೈಯಿಂದಲೇ ಎಂಬುದು ಅರ್ಥವಾದಾಗ ಮಕ್ಕಳು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಈ ದೊಡ್ಡ ಬಾವಲಿಯ ರೆಕ್ಕೆಗಳ ಹರವು ಒಂದು ಮೀಟರಿಗೂ ಹೆಚ್ಚು ಎಂಬ ಅಳತೆ ಹೇಳಲು ಅದೇ ಸರಿಯಾದ ಸಮಯ. ಅಷ್ಟರಲ್ಲಿ ಯಾರಾದರೊಬ್ಬರು ಕೇಳದೇ ಬಿಡದ ಪ್ರಶ್ನೆಯೂ ಬರುತ್ತದೆ: ತಲೆಕೆಳಗಾಗಿರುವ ಬಾವಲಿ ಮೂತ್ರ ಮಾಡುವಾಗ ಏನು ಮಾಡುತ್ತದೆ? ಹೆಬ್ಬೆರಳಿನ ಉಗುರುಗಳಿಂದ ಕೊಂಬೆಯನ್ನು ಹಿಡಿದು, ತಲೆ ಮೇಲಾಗುವಂತೆ ತಿರುಗಿ, ಕೆಲಸ ಮುಗಿಸಿ ಮತ್ತೆ ಮೊದಲಿನಂತೆ ಜೋತುಬೀಳುತ್ತದೆ. ಬಾವಲಿಯ ಭಯವನ್ನು ಹೋಗಲಾಡಿಸುವಲ್ಲಿ ಈ ಉತ್ತರ ಮಾಡಿದಷ್ಟು ಕೆಲಸವನ್ನು ಯಾವ ಉಪದೇಶವೂ ಮಾಡಿದ್ದನ್ನು ನಾನು ಕಂಡಿಲ್ಲ.

ಕೀಟ ತಿನ್ನುವ ಸಣ್ಣ ಬಾವಲಿಗಳನ್ನು ನೋಡಲು ಬೀದಿದೀಪವೇ ಸಾಕು. ಕತ್ತಲಾಗುವವರೆಗೆ ಆಕಾಶದಲ್ಲಿ ಹುಳು ಹಿಡಿಯುತ್ತಿದ್ದ ಬಾನಾಡಿಗಳು ಸಜ್ಜೆಯಡಿಯ ಗೂಡು ಸೇರುತ್ತಿದ್ದಂತೆ, ಕಾರ್ಖಾನೆಯಲ್ಲಿ ಪಾಳಿ ಬದಲಾದ ಹಾಗೆ, ಕೆಲವೇ ಗ್ರಾಂ ತೂಗುವ ಈ ಜೀವಿಗಳು ಅದೇ ಕೆಲಸಕ್ಕೆ ಇಳಿಯುತ್ತವೆ. ಕಣ್ಣು ಕಾಣದ ಬಾವಲಿಯೂ ಅಡೆತಡೆಗಳನ್ನು ತಪ್ಪಿಸಿಕೊಂಡು ಹಾರುವುದನ್ನು ಇಟಲಿಯ ವಿಜ್ಞಾನಿ ಸ್ಪಲ್ಲಂಜಾನಿ 1790ರ ದಶಕದಲ್ಲಿಯೇ ಗಮನಿಸಿದ್ದರು; ಅವು ನಮ್ಮ ಕಿವಿಗೆ ಎಟುಕದಷ್ಟು ತಾರಕದ ಧ್ವನಿ ಹೊರಡಿಸುತ್ತವೆ ಎಂಬುದು ಅಮೆರಿಕದ ಡೊನಾಲ್ಡ್ ಗ್ರಿಫಿನ್ ಅವರಿಗೆ ಯಂತ್ರದ ಸಹಾಯದಿಂದ ತಿಳಿದುಬಂದದ್ದು 1938ರಲ್ಲಿ. ಎದುರಿನ ವಸ್ತುವಿಗೆ ತಾಗಿ ಮರಳುವ ಆ ಧ್ವನಿಯಿಂದಲೇ ಅವು ದಾರಿಯನ್ನೂ ಹುಳುವನ್ನೂ ಗುರುತಿಸುತ್ತವೆ. ಇದನ್ನು ವಿವರಿಸುವ ಬದಲು ಆಡಿಸುವುದು ಮೇಲು: ಕಣ್ಣು ಕಟ್ಟಿಕೊಂಡ ‘ಬಾವಲಿ’ ಚಪ್ಪಾಳೆ ತಟ್ಟಿದಾಗಲೆಲ್ಲ ‘ಹುಳು’ಗಳೂ ತಟ್ಟಬೇಕು, ಆ ಸದ್ದಿನ ಜಾಡು ಹಿಡಿದು ಅದು ಅವನ್ನು ಮುಟ್ಟಬೇಕು. ರಂಗನತಿಟ್ಟಿನ ದೊಡ್ಡ ಬಾವಲಿಗಳಿಗೆ ಈ ವಿದ್ಯೆ ಇಲ್ಲ, ಅವು ದೊಡ್ಡ ಕಣ್ಣುಗಳನ್ನೂ ಮೂಗನ್ನೂ ನಂಬಿವೆ ಎಂಬುದನ್ನು ಆಟದ ನಂತರ ತಪ್ಪದೇ ಹೇಳಬೇಕು.

ಪೋಷಕರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಫಾ ಕಾಣಿಸಿಕೊಂಡಾಗಿನಿಂದ ಬಾವಲಿಯೆಂದರೆ ರೋಗವೆಂಬ ಮಾತು ಬೇರೂರಿದೆ, ಮತ್ತು ಆ ವೈರಸ್ಸಿನ ನೆಲೆ ಹಣ್ಣು ತಿನ್ನುವ ಬಾವಲಿಗಳೇ ಎಂಬುದು ನಿಜ. ಆದುದರಿಂದ ನಮ್ಮಲ್ಲಿ ನಿಯಮ ಕಟ್ಟುನಿಟ್ಟಾಗಿದೆ: ಬಾವಲಿ ಕಚ್ಚಿದ ಹಣ್ಣನ್ನು ಮುಟ್ಟಬಾರದು, ತಿನ್ನಬಾರದು, ಬಿದ್ದ ಬಾವಲಿ ಕಂಡರೆ ದೊಡ್ಡವರನ್ನು ಕರೆಯಬೇಕು. ದೂರದಿಂದ ನೋಡುವುದರಿಂದ ಅಪಾಯವಿಲ್ಲ, ಮರ ಕಡಿಯುವುದರಿಂದ ಪ್ರಯೋಜನವಿಲ್ಲ. ಹಣ್ಣು ತಿನ್ನುವ ಬಾವಲಿಗಳು ವನ್ಯಜೀವಿ ಕಾಯ್ದೆಯಲ್ಲಿ ಬಹುಕಾಲ ಇಲಿಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. ಆ ಪಟ್ಟಿಯನ್ನೇ 2022ರ ತಿದ್ದುಪಡಿ ಕೈಬಿಟ್ಟಿತು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಇಂದು ಉಳಿದಿರುವ ಎಲೆಮೂಗಿನ ಬಾವಲಿಯೊಂದಿದೆ, ಕಲ್ಲು ಗಣಿಗಾರಿಕೆಯಿಂದ ಅದು ಅಳಿವಿನ ಅಂಚು ತಲುಪಿದೆ. ಹುಲಿಯ ಬಗ್ಗೆ ಪ್ರಬಂಧ ಬರೆಯುವ ಮಕ್ಕಳಿಗೆ ಇದನ್ನೂ ತಿಳಿಸಬೇಕೆಂಬುದು ನನ್ನ ಹಠ.

ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ದೋಣಿಗಳು ನಿಲ್ಲುತ್ತವೆ. ಆಗ ಹಿತ್ತಲಿನ ಬಾಳೆ ಹೂವೇ ನಮ್ಮ ಪಾಠಶಾಲೆ. ಹಗಲು ಅದರ ಮಕರಂದಕ್ಕೆ ಸೂರಕ್ಕಿ ಬರುತ್ತದೆ, ರಾತ್ರಿ ಸಣ್ಣ ಹಣ್ಣುಬಾವಲಿ ಬರುತ್ತದೆ. ಬಂದ ಹೊತ್ತನ್ನೂ ಕುಳಿತ ಭಂಗಿಯನ್ನೂ ಮಕ್ಕಳು ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿ ಬರೆದಿಡುತ್ತಾರೆ. ರಾತ್ರಿಯ ಪುಟ ತುಂಬಬೇಕಾದರೆ ಮನೆಯವರೊಬ್ಬರು ಜೊತೆಗೆ ಎಚ್ಚರವಿರಬೇಕಾಗುತ್ತದೆ, ಟಾರ್ಚಿಗೆ ಕೆಂಪು ಕಾಗದ ಸುತ್ತಿರಬೇಕಾಗುತ್ತದೆ.